ನಮ್ಮ ಟೀಮಿಗೆ ಬಂದ ಪೀರ್ ನಮ್ಮ ಕಡೆಯವರೋ, ರೋಗಿಗಳ ಕಡೆಯವರೋ?

ಪ್ರಶ್ನೆ: ನಾನು ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಹಿರಿಯ ನರ್ಸ್. ಇಬ್ಬರು ಡಾಕ್ಟರು, ಒಬ್ಬ ಕೌನ್ಸೆಲರ್, ಒಬ್ಬ ಸೋಷಿಯಲ್ ವರ್ಕರ್, ಐದು ಜನ ನರ್ಸುಗಳು ಇದ್ದೇವೆ. ಎಂಟು ತಿಂಗಳ ಹಿಂದೆ, ಕುಡಿತ ಬಿಟ್ಟು ನಾಲ್ಕು ವರ್ಷವಾಗಿದ್ದ ಒಬ್ಬರನ್ನು ಪೀರ್ ಸಪೋರ್ಟ್ ಕೆಲಸಕ್ಕೆ ತೆಗೆದುಕೊಂಡೆವು. ಅವರು ನಮ್ಮಲ್ಲೇ ಚಿಕಿತ್ಸೆ ಪಡೆದವರು. ಮೊದಲ ಎರಡು ತಿಂಗಳು ಎಲ್ಲರಿಗೂ ಖುಷಿಯೋ ಖುಷಿ. ನಮ್ಮ ಹತ್ತಿರ ಬಾಯಿ ಬಿಡದ ರೋಗಿಗಳು ಅವರ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈಗ ಒಂದೊಂದೇ ತೊಂದರೆ ಶುರುವಾಗಿದೆ. ಗುಳಿಗೆ ಬೇಡ ಅನ್ನುತ್ತಿದ್ದ ರೋಗಿಗೆ "ನಾನು ಗುಳಿಗೆ ಇಲ್ಲದೇ ಬಿಟ್ಟೆ" ಅಂದರಂತೆ. ಡೈಸಲ್ಫಿರಾಮ್ (ಕುಡಿದರೆ ಮೈಗೆ ತೊಂದರೆ ಮಾಡುವ ಗುಳಿಗೆ) ತೆಗೆದುಕೊಳ್ಳುತ್ತಿದ್ದ ಇನ್ನೊಬ್ಬರು ಮನೆಗೆ ಹೋದಾಗ ಕುಡಿದದ್ದು ಇವರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. (ಚಿಕಿತ್ಸೆ ನಡುವೆ ಕುಡಿದರೆ ಡಿಸ್ಚಾರ್ಜ್ ಅನ್ನೋದು ನಮ್ಮ ನಿಯಮ.) ವಿಷಯ ಗೊತ್ತಾದಾಗ ಡಾಕ್ಟರು ಕೆಂಡಾಮಂಡಲ. "ಇವರು ನಮ್ಮ ಕಡೆಯವರೋ ರೋಗಿಗಳ ಕಡೆಯವರೋ" ಅಂತ ಮೀಟಿಂಗಲ್ಲೇ ಕೇಳಿಬಿಟ್ಟರು. ರಾತ್ರಿ ಹನ್ನೊಂದು ಗಂಟೆಗೂ ರೋಗಿಗಳು ಅವರಿಗೆ ಫೋನ್ ಮಾಡುತ್ತಾರೆ. ಈಚೆಗೆ ಮಂಕಾಗಿದ್ದಾರೆ. ಅವರೇ ಮತ್ತೆ ಕುಡಿದುಬಿಟ್ಟರೆ ಅನ್ನೋ ಭಯ ನನಗೆ. ಅವರನ್ನು ತೆಗೆಯಬೇಕಾ? ಪೀರ್ ಅನ್ನೋದೇ ಟೀಮಿಗೆ ಹೊಂದದ ಸಂಗತಿಯಾ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ವಿಷಯ ಹುಡುಕುತ್ತಿದ್ದೆ, ಸಿಗಲಿಲ್ಲ. ಅವರ ಕೆಲಸ ಏನು ಅನ್ನೋದು. ಎಷ್ಟು ವರ್ಷದಿಂದ ಕುಡಿದಿಲ್ಲ ಅಂತ ಬರೆದಿದ್ದೀರಿ, ರೋಗಿಗಳಿಗೆ ಅವರು ಎಷ್ಟು ಇಷ್ಟ ಅಂತ ಬರೆದಿದ್ದೀರಿ, ಡಾಕ್ಟರಿಗೆ ಎಷ್ಟು ಸಿಟ್ಟು ಅಂತಲೂ ಬರೆದಿದ್ದೀರಿ. ಬೆಳಿಗ್ಗೆ ಬಂದವರು ಏನು ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು, ಯಾರಿಗೆ ಉತ್ತರ ಕೊಡಬೇಕು ಅನ್ನೋದು ಮಾತ್ರ ಎಲ್ಲೂ ಇಲ್ಲ. ನೀವು ಬರೆಯೋಕೆ ಮರೆತದ್ದಲ್ಲ ಇದು. ಬಹುಶಃ ಯಾರೂ ಅವರಿಗೆ ಹೇಳಿಯೇ ಇಲ್ಲ. ಒಬ್ಬ ಒಳ್ಳೆ ಮನುಷ್ಯನನ್ನು ಕರೆದು ತಂದು ವಾರ್ಡಿನಲ್ಲಿ ಬಿಟ್ಟಿದ್ದೀರಿ, ಅವರು ತಮಗೆ ತೋಚಿದ ಹಾಗೆ ಮಾಡುತ್ತಿದ್ದಾರೆ. ನೀವು ಹೇಳಿದ ಮೂರೂ ತೊಂದರೆಗೆ ಬೇರು ಅಲ್ಲಿದೆ ಅಂತ ನನ್ನ ಅನಿಸಿಕೆ.

ಹಾಗಾಗಿ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡ್ತೀನಿ. ಅವರನ್ನು ತೆಗೆಯಬೇಡಿ, ಸದ್ಯಕ್ಕಂತೂ ಬೇಡ. ಹಾಗಂತ ಈಗ ನಡೆಯುತ್ತಿರುವ ಹಾಗೆ ಇನ್ನೊಂದು ತಿಂಗಳೂ ನಡೆಸಬೇಡಿ.

ಪೀರ್ ಅಂದರೆ ಯಾರು ಅನ್ನೋದು ಕೆಲವು ಓದುಗರಿಗೆ ಗೊತ್ತಿರಲಿಕ್ಕಿಲ್ಲ. ತಾನೇ ವ್ಯಸನದಲ್ಲಿ ಬಿದ್ದು, ಅದರಿಂದ ಹೊರಬಂದು, ಈಗ ಅದೇ ಹಾದಿಯಲ್ಲಿರುವ ಇನ್ನೊಬ್ಬರ ಜೊತೆ ನಿಲ್ಲುವವರು. ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್‌ನಲ್ಲಿ ಇರುವ ಸ್ಪಾನ್ಸರ್ ಬೇರೆ, ಇವರು ಬೇರೆ. ಸ್ಪಾನ್ಸರ್‌ಗೆ ಸಂಬಳ ಇಲ್ಲ, ಮೇಲಧಿಕಾರಿ ಇಲ್ಲ, ಕೇಸ್ ಶೀಟ್ ಇಲ್ಲ. ನಿಮ್ಮ ಪೀರ್‌ಗೆ ಸಂಬಳವಿದೆ, ಅವರು ಚಿಕಿತ್ಸಾ ತಂಡದ ಒಳಗಿದ್ದಾರೆ. ಈ ವ್ಯತ್ಯಾಸವನ್ನು ಎಎ ಕೂಡ ಗಟ್ಟಿಯಾಗಿ ಹಿಡಿದುಕೊಂಡಿದೆ. ಅವರ ಎಂಟನೇ ಸಂಪ್ರದಾಯವೇ ತಮ್ಮ ನೆರವು ಎಂದೂ ವೃತ್ತಿಯಾಗಬಾರದು ಅನ್ನುತ್ತದೆ. ನಿಮ್ಮವರು ಸಂಜೆ ಎಎ ಸಭೆಗೆ ಹೋಗುವವರಾದರೆ, ಹಗಲಲ್ಲಿ ಯಾವ ಕುರ್ಚಿ, ಸಂಜೆ ಯಾವ ಕುರ್ಚಿ ಅನ್ನೋದು ಅವರ ತಲೆಯಲ್ಲೇ ಕಲಸಿ ಹೋಗಿರಬಹುದು. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವುದು ಸ್ಪಾನ್ಸರ್‌ನ ಅಭ್ಯಾಸ. ಗುಟ್ಟು ಕಾಪಾಡುವುದೂ ಅವರದೇ ಅಭ್ಯಾಸ. ತಪ್ಪು ಅಂತ ಹೇಳ್ತಿಲ್ಲ. ಬೇರೆ ಕೆಲಸದ ಒಳ್ಳೆ ಅಭ್ಯಾಸ ಈ ಕೆಲಸಕ್ಕೆ ಬಂದುಬಿಟ್ಟಿದೆ, ಅಷ್ಟೇ.

"ಟೀಮಿಗೆ ಹೊಂದದ ಸಂಗತಿಯಾ" ಅಂತ ಕೇಳಿದ್ದೀರಿ. ಇದೇನೋ ಈಗಿನ ಫ್ಯಾಷನ್ ಅನ್ನುವವರು ನಮ್ಮ ವೃತ್ತಿಯಲ್ಲಿ ತುಂಬಾ ಜನ ಇದ್ದಾರೆ. ಹಾಗೇನಿಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯಲ್ಲಿ ಝಾನ್ ಬಾಪ್ಟಿಸ್ಟ್ ಪ್ಯೂಸಾಂ ಅನ್ನುವ ಮೇಲ್ವಿಚಾರಕ ಇದ್ದ. ಚರ್ಮ ಹದ ಮಾಡುವ ಕಸುಬಿನವನು, ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಇದ್ದು ಗುಣವಾಗಿ ಅಲ್ಲೇ ಉಳಿದವನು. ಮನೋರೋಗಿಗಳ ವಾರ್ಡಿಗೆ ಅವನು ಗುಣವಾದ ರೋಗಿಗಳನ್ನೇ ಆಳುಗಳಾಗಿ ಇಟ್ಟುಕೊಂಡ, ಅವರು ರೋಗಿಗಳ ಮೇಲೆ ಕೈ ಮಾಡುವುದು ಕಡಿಮೆ ಅಂತ. ಇನ್ನು ಕುಡಿತದ ವಿಷಯಕ್ಕೆ ಬಂದರೆ, 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ವ್ಯವಹಾರಕ್ಕೆ ಹೋಗಿದ್ದ ಬಿಲ್ ವಿಲ್ಸನ್ ಅನ್ನುವವನಿಗೆ ಹೋಟೆಲಿನಲ್ಲಿ ಕುಡಿಯಬೇಕು ಅನ್ನಿಸಿತು. ಕುಡಿಯದೇ ಇರುವುದಕ್ಕೆ ಅವನು ಹುಡುಕಿದ್ದು ಇನ್ನೊಬ್ಬ ಕುಡುಕನನ್ನು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಅನ್ನುವ ಸರ್ಜನ್. ಎಎ ಶುರುವಾದದ್ದು ಆ ಭೇಟಿಯಿಂದ. ಈ ಕಥೆಯಲ್ಲಿ ಒಂದು ಸೂಕ್ಷ್ಮ ಇದೆ, ಕೊನೆಗೆ ಅದಕ್ಕೆ ಮತ್ತೆ ಬರ್ತೀನಿ: ವಿಲ್ಸನ್ ಹೋದದ್ದು ತನ್ನ ಸಲುವಾಗಿ.

ಡಾಕ್ಟರು, ನರ್ಸು, ಚೇತರಿಸಿಕೊಂಡವರು ಒಂದೇ ಟೇಬಲ್ಲಿಗೆ ಕೂತದ್ದು 1950ರ ದಶಕದಲ್ಲಿ, ಮಿನೆಸೋಟ ರಾಜ್ಯದಲ್ಲಿ. ಅಲ್ಲಿಯ ವಿಲ್ಮರ್ ಸರ್ಕಾರಿ ಆಸ್ಪತ್ರೆಯಲ್ಲಿ ಕುಡಿತ ಬಿಟ್ಟವರನ್ನೇ ಕೌನ್ಸೆಲರ್ ಹುದ್ದೆಗೆ ತೆಗೆದುಕೊಂಡರು. ಈಗ ನೀವು ಎದುರಿಸುತ್ತಿರುವ ಜಗಳಗಳು ಅಲ್ಲೂ ನಡೆದಿದ್ದವು.

ಇದಕ್ಕೆ ಎದುರಿನ ನಂಬಿಕೆ ಇನ್ನೊಂದಿದೆ. "ಬಿಟ್ಟವರಿಗೇ ಬಿಡಿಸೋಕೆ ಬರೋದು, ಓದಿದವರಿಗೆ ಏನು ಗೊತ್ತು" ಅನ್ನೋದು. ನಿಮ್ಮ ರೋಗಿಗಳಲ್ಲೂ ಈ ಮಾತು ಇರುತ್ತೆ, ಪೀರ್ ಮನಸ್ಸಿನಲ್ಲೂ ಅಲ್ಪಸ್ವಲ್ಪ ಇರಬಹುದು. ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಸಿನಾನಾನ್. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡೆರಿಚ್ ಶುರುಮಾಡಿದ ವ್ಯಸನಿಗಳ ಸಮುದಾಯ. ಎಲ್ಲಾ ಬಿಟ್ಟವರದ್ದೇ ಆಳ್ವಿಕೆ, ವೃತ್ತಿಪರರ ಹಿಡಿತ ಇಲ್ಲ, ಹೊರಗಿನಿಂದ ಕೇಳುವವರೂ ಇಲ್ಲ. ಮೊದಮೊದಲು ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಅದು ಹಿಂಸೆಗೆ ಇಳಿದ ಪಂಥವಾಯಿತು. 1978ರಲ್ಲಿ ಪೊಲೀಸರು ಡೆಡೆರಿಚ್‌ನನ್ನು ಹಿಡಿಯಲು ಹೋದಾಗ ಅವನೇ ಕುಡಿದ ಮತ್ತಿನಲ್ಲಿದ್ದ. ಅನುಭವ ಒಂದೇ ಸಾಕು ಅನ್ನುವವರಿಗೆ ಇದನ್ನು ಹೇಳಿ. ಓದು ಒಂದೇ ಸಾಕು ಅನ್ನುವವರಿಗೆ ಏನು ಹೇಳಬೇಕು ಅಂತ ನಿಮ್ಮ ಮೊದಲ ಎರಡು ತಿಂಗಳೇ ತೋರಿಸಿಕೊಟ್ಟಿವೆ.

ಸಂಶೋಧನೆ ಏನು ಹೇಳುತ್ತೆ? ನಿಮ್ಮ ಡಾಕ್ಟರು ಇದನ್ನು ಕೇಳಿಯೇ ಕೇಳುತ್ತಾರೆ, ಹಾಗಾಗಿ ಸುಮ್ನೆ ಉಬ್ಬಿಸಿ ಹೇಳುವುದು ಬೇಡ. 2020ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವಂಥದ್ದು) 27 ಅಧ್ಯಯನ, 10,565 ಜನರ ಮಾಹಿತಿ ನೋಡಿತು. ಎಎ ಮತ್ತು ಎಎಗೆ ಜನರನ್ನು ಸೇರಿಸುವ ವ್ಯವಸ್ಥಿತ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲು ಅಂತ ಬಂತು. ಆದರೆ ಅದು ಎಎ ಬಗ್ಗೆ. ಸಂಬಳದ ಪೀರ್ ಬಗ್ಗೆ ಇರುವ ಪುರಾವೆ ಅಷ್ಟು ಗಟ್ಟಿ ಅಲ್ಲ. ಜನ ಚಿಕಿತ್ಸೆ ಬಿಟ್ಟು ಓಡುವುದು ಕಡಿಮೆ, ಫಾಲೋ-ಅಪ್‌ಗೆ ಬರುವುದು ಜಾಸ್ತಿ, ತಂಡದ ಮೇಲೆ ನಂಬಿಕೆ ಜಾಸ್ತಿ ಅನ್ನುವ ಕಡೆಗೆ ಫಲಿತಾಂಶಗಳು ವಾಲುತ್ತವೆ. ಕುಡಿತವೇ ಎಷ್ಟು ಇಳಿಯುತ್ತೆ ಅನ್ನೋದರಲ್ಲಿ ಒಂದೊಂದು ಅಧ್ಯಯನ ಒಂದೊಂದು ಹೇಳುತ್ತೆ. ನನ್ನ ಅನುಭವವೂ ಇದನ್ನೇ ಹೇಳುತ್ತೆ. ಪೀರ್ ಯಾರನ್ನೂ ಗುಣ ಮಾಡುವುದಿಲ್ಲ. ಬಾಗಿಲ ಹತ್ತಿರ ನಿಂತವರನ್ನು ಹೊರಗೆ ಹೋಗದ ಹಾಗೆ ಉಳಿಸಿಕೊಳ್ಳುತ್ತಾರೆ. ಈ ಕಾಯಿಲೆಯಲ್ಲಿ ಅರ್ಧ ಯುದ್ಧ ಅದೇ ಅಲ್ವಾ.

ಇನ್ನು ಗುಳಿಗೆ ವಿಷಯ. "ನಾನು ಗುಳಿಗೆ ಇಲ್ಲದೇ ಬಿಟ್ಟೆ" ಅನ್ನುವ ಮಾತು ಸುಳ್ಳಲ್ಲ, ಆದರೆ ಅಪಾಯಕಾರಿ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಗುಳಿಗೆ ಇಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಕೊನೆಯ ಗುಟುಕಿನಿಂದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಡಿಲಿರಿಯಂ, ಅಂದರೆ ಬುದ್ಧಿಭ್ರಮೆ ಬರಬಹುದು, ಅದರಲ್ಲಿ ಜೀವ ಹೋಗುವುದೂ ಇದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ರಾತ್ರಿ ಡ್ಯೂಟಿ ಮಾಡುವವರು ನೀವು. ಹೆರಾಯಿನ್ ಥರದ ಒಪಿಯಾಯ್ಡ್ ವಿಷಯದಲ್ಲಂತೂ ಈ ಮಾತು ಇನ್ನೂ ಕೆಟ್ಟದ್ದು. ಆ ವ್ಯಸನಕ್ಕೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಮೇಲೆ ಇರುವಷ್ಟು ಕಾಲ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗುಳಿಗೆ ಬಿಟ್ಟವರ ದೇಹಕ್ಕೆ ಮೊದಲಿನ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಹೆರಾಯಿನ್ ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಆದರೆ ಒಂದು ಪ್ರಶ್ನೆ ನಿಮ್ಮ ಡಾಕ್ಟರಿಗೆ ಕೇಳಿ. ಎಂಟು ತಿಂಗಳಲ್ಲಿ ಯಾರಾದರೂ ಒಂದರ್ಧ ಗಂಟೆ ಕೂತು ಪೀರ್‌ಗೆ ಯಾವ ಗುಳಿಗೆ ಏನು ಮಾಡುತ್ತೆ ಅಂತ ವಿವರಿಸಿದ್ದಾರಾ? ಅವರಿಗೆ ಗೊತ್ತಿರುವ ಔಷಧಶಾಸ್ತ್ರ ಅಂದರೆ ಅವರದೇ ಮೈ. ಆ ಮೈ ಹೇಳಿದ್ದನ್ನು ಅವರು ಹೇಳಿದರು. ನಮ್ಮ ತಂಡದಲ್ಲಿ ನಾವು ಮಾಡಿಕೊಂಡ ವ್ಯವಸ್ಥೆ ಸರಳ. ಪ್ರತಿ ಹೊಸ ಪೀರ್ ಮೊದಲ ತಿಂಗಳು ನರ್ಸ್ ಜೊತೆ ಗುಳಿಗೆ ಹಂಚುವಾಗ ಪಕ್ಕದಲ್ಲಿ ನಿಲ್ಲುತ್ತಾರೆ. ಹಂಚಲಿಕ್ಕಲ್ಲ, ರೋಗಿಗಳು ಏನೇನು ಕೇಳುತ್ತಾರೆ, ನರ್ಸ್ ಏನು ಉತ್ತರ ಕೊಡುತ್ತಾರೆ ಅಂತ ಕೇಳಿಸಿಕೊಳ್ಳಲಿಕ್ಕೆ. ಆಮೇಲೆ ಅವರಿಗೆ ಒಂದೇ ಒಂದು ನಿಯಮ: ತನ್ನ ಕಥೆ ಹೇಳಬಹುದು, ಇನ್ನೊಬ್ಬರ ಗುಳಿಗೆ ಬಗ್ಗೆ ಸಲಹೆ ಇಲ್ಲ. "ನನಗೆ ಆಗ ಗುಳಿಗೆ ಇರಲಿಲ್ಲ, ನಿಮ್ಮದು ಬೇರೆ. ಬೇಡ ಅನ್ನಿಸ್ತಿದ್ರೆ ಡಾಕ್ಟರ ಹತ್ರ ಕೇಳೋಣ, ನಾನೂ ಜೊತೆಗೆ ಬರ್ತೀನಿ." ಈ ಎರಡು ಸಾಲು ಬಂದರೆ ಸಾಕು. ಎಎ ಕೂಡ ತನ್ನ ಸದಸ್ಯರಿಗೆ ಹೇಳುವುದು ಇದನ್ನೇ, ಯಾವ ಸದಸ್ಯರೂ ಡಾಕ್ಟರ ಪಾತ್ರ ಮಾಡಬಾರದು ಅಂತ. ಹಾಗೆ ಜೊತೆಗೆ ಬಂದ ಪೀರ್‌ನಿಂದ ನಾನು ಕಲಿತದ್ದೂ ಇದೆ. ರೋಗಿ ಗುಳಿಗೆ ಬೇಡ ಅನ್ನುವುದು ಎಷ್ಟೋ ಸಲ ನಾವು ಅಂದುಕೊಂಡ ಹಾಗೆ ಹಟಕ್ಕಲ್ಲ, ಮನೆಯವರು ಗುಳಿಗೆ ನೋಡಿ "ಇನ್ನೂ ಇದೆಯಾ ನಿನ್ನ ರೋಗ" ಅಂತ ಚುಚ್ಚುತ್ತಾರೆ ಅನ್ನುವ ಕಾರಣಕ್ಕೆ. ಅದು ನನಗೆ ಹೇಳಿರಲಿಲ್ಲ. ಅವರಿಗೆ ಹೇಳಿದ್ದರು.

ಈಗ ಗುಟ್ಟಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು, ಅದರಲ್ಲೂ ನೀವು ಬ್ರಾಕೆಟ್ಟಿನಲ್ಲಿ ಹಾಕಿದ ಆ ಒಂದು ಸಾಲು.

ಮೊದಲು ಅಪಾಯ ಹೇಳ್ತೀನಿ. ಡೈಸಲ್ಫಿರಾಮ್ ಮೇಲೆ ಇರುವವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯಬಹುದು. ಗುಳಿಗೆ ನಿಲ್ಲಿಸಿ ಎರಡು ವಾರದವರೆಗೂ ಇದು ಆಗಬಹುದು. ಕುಡಿದು 12 ಗಂಟೆ ಆಗದೆ ಆ ಗುಳಿಗೆ ಕೊಡಲೂಬಾರದು. ಅಂದರೆ ನಿಮಗೆ ಗೊತ್ತಿಲ್ಲದೆ ನೀವೇ ಮರುದಿನ ಬೆಳಿಗ್ಗೆ ಕೈಯಾರೆ ಗುಳಿಗೆ ಕೊಟ್ಟಿರಬಹುದಿತ್ತು. ಡಾಕ್ಟರ ಸಿಟ್ಟಿಗೆ ಕಾರಣ ಇದೆ, ನಾನು ಒಪ್ಪುತ್ತೇನೆ.

ಆದರೆ ನಿಮ್ಮ ನಿಯಮ ನೋಡಿ. ಕುಡಿದರೆ ಡಿಸ್ಚಾರ್ಜ್. ಹಾಗಿದ್ದಾಗ ಆ ರೋಗಿ ನಿಮ್ಮ ಹತ್ತಿರ ಹೇಗೆ ಹೇಳಬೇಕು? ಪೀರ್ ತಾನೇ ಹೇಗೆ ಹೇಳಬೇಕು? ಅವರು ಗುಟ್ಟು ಮುಚ್ಚಿಟ್ಟದ್ದಲ್ಲ, ನಿಮ್ಮ ನಿಯಮದಿಂದ ಒಬ್ಬ ಮನುಷ್ಯನನ್ನು ಬಚ್ಚಿಟ್ಟದ್ದು. ಮತ್ತೆ ಕುಡಿಯುವುದು ಈ ಕಾಯಿಲೆಯ ಲಕ್ಷಣ. ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುವ ಲೆಕ್ಕದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60 ಜನಕ್ಕೆ ವ್ಯಸನ ಮರುಕಳಿಸುತ್ತದೆ. ಬಿಪಿ, ಆಸ್ತಮಾದಲ್ಲಿ ಈ ಪ್ರಮಾಣ ಇನ್ನೂ ಸ್ವಲ್ಪ ಜಾಸ್ತಿಯೇ. ಬಿಪಿ ಏರಿತು ಅಂತ ಯಾವ ಡಾಕ್ಟರೂ ರೋಗಿಯನ್ನು ಹೊರಗೆ ಹಾಕುವುದಿಲ್ಲ. ವಾರ್ಡಿನೊಳಗೆ ಬಾಟಲಿ ತರುವುದು, ಬೇರೆಯವರಿಗೆ ಕೊಡುವುದು ಬೇರೆ ಮಾತು, ಅದಕ್ಕೆ ನಿಯಮ ಬೇಕು. ಮನೆಗೆ ಹೋದಾಗ ಜಾರಿದವರಿಗೆ ಬಾಗಿಲು ಮುಚ್ಚುವ ನಿಯಮ ಇರುವ ತನಕ ಯಾವ ಪೀರ್ ಬಂದರೂ ನಿಮಗೆ ಇದೇ ಕಥೆ. ಪೀರ್‌ನನ್ನು ಬದಲಾಯಿಸುವ ಮುಂಚೆ ಈ ನಿಯಮ ಬದಲಾಯಿಸಲು ಆಗುತ್ತಾ ನೋಡಿ.

ಗುಟ್ಟಿಗೆ ಏನು ವ್ಯವಸ್ಥೆ ಮಾಡಬಹುದು ಅಂದರೆ, ಎರಡು ತುದಿ ಇವೆ, ಎರಡೂ ಕೆಲಸ ಮಾಡುವುದಿಲ್ಲ. ಪೀರ್ ಏನೂ ಹೇಳಬೇಕಾಗಿಲ್ಲ ಅಂದರೆ ಇವತ್ತಿನ ಹಾಗೆ ಯಾರೋ ಸಾಯುವ ಹತ್ತಿರ ಹೋಗುತ್ತಾರೆ. ಎಲ್ಲವನ್ನೂ ಹೇಳಬೇಕು ಅನ್ನುವ ಇನ್ನೊಂದು ತುದಿಯನ್ನು ನಾನೇ ಮಾಡಿ ನೋಡಿದ್ದೇನೆ, ನಾಚಿಕೆಯಿಂದಲೇ ಹೇಳ್ತೀನಿ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಒಬ್ಬ ಹೆಣ್ಣುಮಗಳು ಪೀರ್ ಆಗಿ ಬಂದರು. ಬೆಳಗಿನ ಮೀಟಿಂಗಿನಲ್ಲಿ ನಾನು ಅವರಿಗೆ ಒಬ್ಬೊಬ್ಬರ ಹೆಸರು ಓದಿ "ಇವರು ಏನಂದರು, ಅವರು ಏನಂದರು" ಅಂತ ಕೇಳುತ್ತಿದ್ದೆ. ಮೂರು ವಾರಕ್ಕೆ ಅವರು ಹಾಲ್‌ಗೆ ಬಂದ ಕೂಡಲೇ ರೋಗಿಗಳು ಟಿವಿ ಸೌಂಡ್ ಜಾಸ್ತಿ ಮಾಡತೊಡಗಿದರು. ಒಂದು ದಿನ ಅವರೇ ಬಂದು, "ಡಾಕ್ಟ್ರೇ, ನಿಮಗೆ ಪೀರ್ ಬೇಕೋ ಪತ್ತೇದಾರಿ ಬೇಕೋ ಹೇಳಿಬಿಡಿ" ಅಂದರು. ನನಗೆ ಉತ್ತರ ಇರಲಿಲ್ಲ.

ಆಮೇಲೆ ನಾವಿಬ್ಬರೂ ಕೂತು ಒಂದು ಚಿಕ್ಕ ಪಟ್ಟಿ ಬರೆದೆವು. ಮುಚ್ಚಿಡಲು ಆಗದ ಸಂಗತಿಗಳು ಮಾತ್ರ ಅದರಲ್ಲಿ. ಸಾಯುವ ಮಾತು, ಯಾರಿಗಾದರೂ ಅದರಲ್ಲೂ ಮಕ್ಕಳಿಗೆ ಏನಾದರೂ ಮಾಡುವ ಅಥವಾ ಮಾಡುತ್ತಿರುವ ಮಾತು, ಡೈಸಲ್ಫಿರಾಮ್ ಮೇಲೆ ಕುಡಿತ, ನಿದ್ದೆ ಗುಳಿಗೆ ಅಥವಾ ಒಪಿಯಾಯ್ಡ್ ಜೊತೆ ಮದ್ಯ ಬೆರೆಸುವುದು, ವಿತ್‌ಡ್ರಾಯಲ್‌ನ (ಕುಡಿತ ನಿಲ್ಲಿಸಿದಾಗ ಮೈಗೆ ಆಗುವ ತೊಂದರೆಯ) ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು. ಇಷ್ಟು ಆ ಕ್ಷಣವೇ ನರ್ಸ್‌ಗೆ ಹೋಗಬೇಕು, ಮೀಟಿಂಗಿಗೆ ಕಾಯುವಂತಿಲ್ಲ. ಉಳಿದದ್ದೆಲ್ಲ ರೋಗಿಯ ಸ್ವತ್ತು. ಹೆಂಡತಿ ಜೊತೆ ಜಗಳ, ಹಳೆ ಸಾಲ, ಕೌನ್ಸೆಲರ್ ಇಷ್ಟ ಇಲ್ಲ ಅನ್ನೋದು, ಇದ್ಯಾವುದೂ ನಮಗೆ ಬರಬೇಕಾಗಿಲ್ಲ. ಪೀರ್ ಕೆಲಸ ಅದನ್ನು ತಾವೇ ತಂದು ಹೇಳುವುದಲ್ಲ, ರೋಗಿಗೆ ಹೇಳುವ ಧೈರ್ಯ ಬರುವ ತನಕ ಜೊತೆಗಿರುವುದು.

ಇದರಲ್ಲಿ ಒಂದು ಮುಖ್ಯ ವಿಷಯ, ತುಂಬಾ ಕಡೆ ತಪ್ಪುವುದು ಇಲ್ಲೇ: ಈ ಪಟ್ಟಿಯನ್ನು ರೋಗಿಗೆ ಮೊದಲ ದಿನವೇ, ಅವರು ಬಾಯಿ ಬಿಡುವ ಮುಂಚೆ ಹೇಳಬೇಕು. "ನನ್ನ ಹತ್ರ ಏನು ಬೇಕಾದ್ರೂ ಮಾತಾಡಿ, ಆದ್ರೆ ಈ ಐದಾರು ವಿಷಯ ಬಂದ್ರೆ ನಾನು ನರ್ಸ್‌ಗೆ ಹೇಳಲೇಬೇಕು, ನಿಮ್ಮ ಎದುರಿಗೇ ಹೇಳ್ತೀನಿ." ಕೇಳಿಸಿಕೊಂಡ ಮೇಲೆ ನಿಯಮ ಹೇಳಿದರೆ ಅದು ಮೋಸ ಅನ್ನಿಸುತ್ತೆ. ಅಪಾಯ ಇಲ್ಲವೇ ಅಂದರೆ, ಇದೆ. ಕೆಲವರು ಪಟ್ಟಿ ಕೇಳಿ ಆ ವಿಷಯ ಎತ್ತುವುದೇ ಇಲ್ಲ. ಆದರೆ ಕೇಳಿಯೂ ಹೇಳುವವರು ನಾನು ನಿರೀಕ್ಷಿಸಿದ್ದಕ್ಕಿಂತ ಜಾಸ್ತಿ ಇದ್ದರು. ಹೇಳಬೇಕು ಅಂತ ಅವರಿಗೂ ಇರುತ್ತೆ, ದಾರಿ ಬೇಕಿರುತ್ತೆ.

ಹಾಗಾದರೆ ಯಾರ ಕಡೆಯವರು? ಡಾಕ್ಟರ ಪ್ರಶ್ನೆಗೆ ಇದೇ ನನ್ನ ಉತ್ತರ. ರೋಗಿಗಳ ಕಡೆಯವರು. ಅದಕ್ಕೇ ಸಂಬಳ ಕೊಡುತ್ತಿರುವುದು. ಅವರನ್ನು ಪೂರ್ತಿ ನಮ್ಮ ಕಡೆಗೆ ಎಳೆದುಕೊಂಡ ದಿನ ಅವರು ಸರಿಯಾಗಿ ಓದಿಲ್ಲದ ಒಬ್ಬ ಕೌನ್ಸೆಲರ್ ಆಗುತ್ತಾರೆ, ಅಷ್ಟೇ. ಇದು ನಿಧಾನವಾಗಿ ಆಗುತ್ತೆ, ಗೊತ್ತಾಗುವುದೇ ಇಲ್ಲ. ಕೌನ್ಸೆಲರ್ ರಜೆ ಹಾಕಿದ ದಿನ "ಗ್ರೂಪ್ ನೀವೇ ನಡೆಸಿಬಿಡಿ" ಅನ್ನುತ್ತೇವೆ. ಆಮೇಲೆ ಅದು ವಾರಕ್ಕೊಮ್ಮೆ ಆಗುತ್ತೆ. ಇನ್ನು ಕೆಲವು ಕಡೆ ಉಲ್ಟಾ, ಬಾಗಿಲು ಕಾಯುವುದು, ರಿಜಿಸ್ಟರ್ ಬರೆಯುವುದು, ಬಂದ ಅತಿಥಿಗಳ ಮುಂದೆ ನಿಲ್ಲಿಸಿ "ನೋಡಿ ನಮ್ಮಲ್ಲಿ ಗುಣವಾದವರು" ಅನ್ನುವುದು. ಎರಡರಲ್ಲೂ ಪೀರ್ ಇಲ್ಲ. ನನ್ನ ಪ್ರಕಾರ ಅವರು ಹೆಚ್ಚು ಬೇಕಾಗುವುದು ಮೂರು ಕಡೆ: ವಿತ್‌ಡ್ರಾಯಲ್‌ನ ಮೊದಲ ರಾತ್ರಿಗಳಲ್ಲಿ, ಡಿಸ್ಚಾರ್ಜ್ ಆದ ಮೊದಲ ಒಂದೆರಡು ವಾರ, ಮತ್ತೆ ಮಾದಕ ವಸ್ತು ಮಿತಿಮೀರಿ ತುರ್ತು ವಿಭಾಗಕ್ಕೆ ಬಂದವರ ಹಾಸಿಗೆ ಪಕ್ಕ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 2014ರಿಂದ ತುರ್ತು ವಿಭಾಗಗಳಿಗೆ ಹೀಗೆ ಪೀರ್‌ಗಳನ್ನು ಕರೆಸುತ್ತಾರೆ. ಈ ಮೂರೂ ಹೊತ್ತಿನಲ್ಲಿ ನಮ್ಮ ಬಿಳಿ ಕೋಟಿಗೆ ಬೆಲೆ ಕಡಿಮೆ.

ಮೀಟಿಂಗಿನ ವಿಷಯಕ್ಕೂ ಒಂದು ಮಾತು. "ಆ ಕುಡುಕ ಮತ್ತೆ ಬಂದ", "ಇವನು ಚಟ ಬಿಡೋ ಜಾತಿ ಅಲ್ಲ" ಅಂತ ನಾವು ಸಲೀಸಾಗಿ ಅಂದುಬಿಡ್ತೀವಿ. ಪಕ್ಕದಲ್ಲಿ ನಾಲ್ಕು ವರ್ಷದ ಹಿಂದೆ ಅದೇ ವಾರ್ಡಿನಲ್ಲಿ ಮಲಗಿದ್ದವರು ಕೂತಿರುತ್ತಾರೆ. ತಮ್ಮ ಬಗ್ಗೆಯೂ ಹೀಗೇ ಅಂದಿದ್ದರು ಅಂತ ಅವರಿಗೆ ಅವತ್ತೇ ತಿಳಿಯುತ್ತೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 500ಕ್ಕೂ ಜಾಸ್ತಿ ಮಾನಸಿಕ ಆರೋಗ್ಯ ವೃತ್ತಿಪರರಿಗೆ ಒಬ್ಬ ರೋಗಿಯ ವಿವರ ಕೊಟ್ಟರು. ಅರ್ಧ ಜನರ ಹಾಳೆಯಲ್ಲಿ ಆ ವ್ಯಕ್ತಿಯನ್ನು ದುಶ್ಚಟದವನು ಅನ್ನುವ ಅರ್ಥದ ಪದದಿಂದ ಕರೆದಿದ್ದರು, ಉಳಿದವರ ಹಾಳೆಯಲ್ಲಿ ಮಾದಕ ವಸ್ತುವಿನ ಕಾಯಿಲೆ ಇರುವವರು ಅಂತ. ಬೇರೆ ಏನೂ ಬದಲಿಲ್ಲ. ಮೊದಲನೆಯದನ್ನು ಓದಿದವರು ತಪ್ಪು ಅವನದೇ, ಅವನಿಗೆ ಶಿಕ್ಷೆ ಬೇಕು ಅನ್ನುವ ಕಡೆ ಜಾಸ್ತಿ ವಾಲಿದರು. ಓದಿದವರೇ ಹೀಗೆ. ಪೀರ್ ಬಂದ ಮೇಲೆ ನಮ್ಮ ಮೀಟಿಂಗಿನ ಭಾಷೆ ತಾನಾಗಿಯೇ ಬದಲಾಯಿತು, ಯಾರೂ ಭಾಷಣ ಮಾಡಲಿಲ್ಲ. ನಿಮ್ಮಲ್ಲಿ ಬದಲಾಗಿಲ್ಲ ಅಂದರೆ ಅವರ ಮಂಕಿಗೆ ಅದೂ ಒಂದು ಕಾರಣ ಇದ್ದೀತು.

ಈಗ ಆ ಮಂಕು. ಫ್ರಾಂಕ್ ರೀಸ್‌ಮನ್ ಅನ್ನುವ ಅಮೆರಿಕದ ಸಂಶೋಧಕರು 1965ರಲ್ಲೇ ಬರೆದಿದ್ದರು, ನೆರವು ಕೊಡುವವರಿಗೇ ನೆರವಿನಿಂದ ಹೆಚ್ಚು ಲಾಭ ಅಂತ. ಆಕ್ರನ್‌ನ ಹೋಟೆಲಿನಲ್ಲಿ ಬಿಲ್ ವಿಲ್ಸನ್‌ಗೆ ಆದದ್ದು ಅದೇ. ನಿಮ್ಮ ಪೀರ್‌ಗೂ ಮೊದಲ ತಿಂಗಳುಗಳಲ್ಲಿ ಹಾಗೇ ಆಗಿರುತ್ತೆ. ಆದರೆ ವಿಲ್ಸನ್‌ಗೆ ಅವತ್ತು ಮಾತಾಡಲು ಬೇಕಿದ್ದದ್ದು ಒಬ್ಬರು, ನಿಮ್ಮವರ ಫೋನಿನಲ್ಲಿ ಎಷ್ಟೋ ಜನ ಇದ್ದಾರೆ. ಕೆಲಸವೇ ತನ್ನ ಚೇತರಿಕೆ ಅಂತ ನಂಬಿದವರು ಬೀಳುವುದನ್ನು ನಾನು ನೋಡಿದ್ದೇನೆ. ಅವರಿಗೆ ಕೆಲಸದ ಹೊರಗೆ, ನಿಮ್ಮ ಕೇಂದ್ರದ ಹೊರಗೆ, ತಮ್ಮದೇ ಒಂದು ಜಾಗ ಇರಬೇಕು. ಇನ್ನೊಂದು ತೊಡಕು: ಅವರು ನಿಮ್ಮಲ್ಲೇ ಚಿಕಿತ್ಸೆ ಪಡೆದವರು. ಅಂದರೆ ಅವರ ಹಳೆಯ ಡಾಕ್ಟರೇ ಈಗ ಮೇಲಧಿಕಾರಿ. ಬೇಜಾರಾಗಿದೆ ಅಂದರೆ ರೋಗಿ ಅನ್ನುತ್ತಾರೆ, ಸುಮ್ಮನಿದ್ದರೆ ಮುಚ್ಚಿಡುತ್ತಿದ್ದಾರೆ ಅನ್ನುತ್ತಾರೆ. ಅವರ ಹಳೆ ಕೇಸ್ ಶೀಟ್ ಬೀಗ ಹಾಕಿಡಿ, ಯಾರೂ ತೆಗೆಯಬಾರದು. ಅವರ ಮೇಲ್ವಿಚಾರಣೆಗೆ ಅವರಿಗೆ ಚಿಕಿತ್ಸೆ ಕೊಡದ ಒಬ್ಬರನ್ನು ಇಡಿ, ಸಾಧ್ಯವಾದರೆ ಹೊರಗಿನ ಹಿರಿಯ ಪೀರ್ ಒಬ್ಬರನ್ನು. ವಾರಕ್ಕೆ ಒಂದು ಗಂಟೆ. "ಕುಡಿದಿಲ್ಲ ತಾನೇ" ಅಂತ ಕೇಳಲಿಕ್ಕಲ್ಲ, ಈ ವಾರ ಯಾರ ಕಥೆ ತಲೆಯಿಂದ ಹೋಗ್ತಿಲ್ಲ ಅಂತ ಕೇಳಲಿಕ್ಕೆ.

ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲಿ ಮಾನಸಿಕ ಆರೋಗ್ಯದ ಪೀರ್ ಸೇವೆಗೆ ಸರ್ಕಾರಿ ವಿಮೆಯ ಹಣ ಕೊಡಲು ಶುರುಮಾಡಿತು. 2007ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು ಹೀಗೆ ಹಣ ಕೊಡಬಹುದು ಅಂದಿತು, ಮೂರು ಷರತ್ತು ಹಾಕಿ: ಮೇಲ್ವಿಚಾರಣೆ, ರೋಗಿಯ ಚಿಕಿತ್ಸಾ ಯೋಜನೆಯ ಜೊತೆ ಹೊಂದಾಣಿಕೆ, ತರಬೇತಿ ಮತ್ತು ಪ್ರಮಾಣಪತ್ರ. ನಿಮ್ಮ ಕೇಂದ್ರಕ್ಕೆ ಆ ವಿಮೆ, ಆ ಕಾನೂನು ಯಾವುದೂ ಅನ್ವಯಿಸದಿರಬಹುದು. ಆದರೂ ಈ ಮೂರರಲ್ಲಿ ನಿಮ್ಮ ಹತ್ತಿರ ಎಷ್ಟಿದೆ ನೋಡಿಕೊಳ್ಳಿ. ನನ್ನ ಊಹೆ ಸೊನ್ನೆ. ಬೇಜಾರು ಮಾಡಿಕೊಳ್ಳಬೇಡಿ, ನಾವು ಶುರುಮಾಡಿದಾಗಲೂ ಸೊನ್ನೆಯೇ.

ಅವರು ಮತ್ತೆ ಕುಡಿದರೆ? ಕುಡಿಯಬಹುದು. ನಾಲ್ಕು ವರ್ಷ ಒಳ್ಳೆಯ ಅವಧಿ, ಗ್ಯಾರಂಟಿ ಅಲ್ಲ. ನಾನು ಜೊತೆಗೆ ಕೆಲಸ ಮಾಡಿದ ಪೀರ್‌ಗಳಲ್ಲಿ ಇಬ್ಬರು ಮತ್ತೆ ಕುಡಿದರು. ಒಬ್ಬರು ಮರುದಿನವೇ ಬಂದು ಹೇಳಿದರು, ರಜೆ ಹಾಕಿ ಬೇರೆ ಕಡೆ ಚಿಕಿತ್ಸೆ ಪಡೆದರು, ಕೆಲವು ತಿಂಗಳ ಮೇಲೆ ವಾಪಸ್ ಬಂದು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದರು. ಇನ್ನೊಬ್ಬರು ಕೆಲಸ ಹೋಗುತ್ತೆ ಅನ್ನುವ ಹೆದರಿಕೆಗೆ ವಾರಗಟ್ಟಲೆ ಮುಚ್ಚಿಟ್ಟರು. ಗೊತ್ತಾಗುವ ಹೊತ್ತಿಗೆ ಅವರು ನೋಡಿಕೊಳ್ಳುತ್ತಿದ್ದ ರೋಗಿಗಳಿಗೂ ಗೊತ್ತಾಗಿತ್ತು, ಅದರಲ್ಲಿ ಇಬ್ಬರು ಚಿಕಿತ್ಸೆ ಬಿಟ್ಟರು. ಇಬ್ಬರಿಗೂ ವ್ಯತ್ಯಾಸ ಮನೋಬಲದ್ದಲ್ಲ. ಬಂದು ಹೇಳಿದವರ ಹೊತ್ತಿಗೆ ನಾವು "ಹೀಗಾದರೆ ಏನು" ಅಂತ ಬರೆದಿಟ್ಟಿದ್ದೆವು, ಮುಚ್ಚಿಟ್ಟವರ ಕಾಲಕ್ಕೆ ಇನ್ನೂ ಬರೆದಿರಲಿಲ್ಲ. ಹಾಗಾಗಿ ಆಗುವ ಮುಂಚೆಯೇ ಅವರ ಜೊತೆ ಕೂತು ಬರೆಯಿರಿ: ಯಾರಿಗೆ ಮೊದಲು ಹೇಳಬೇಕು, ರಜೆ ಎಷ್ಟು, ಚಿಕಿತ್ಸೆ ಎಲ್ಲಿ, ವಾಪಸ್ ಬರಲು ಏನು ಬೇಕು, ರೋಗಿಗಳಿಗೆ ಯಾರು ಏನು ಹೇಳುತ್ತಾರೆ. ದಿನಾ ಅವರ ಬಾಯಿಗೆ ಮಾತ್ರ ಮಿಷನ್ ಇಟ್ಟು ಪರೀಕ್ಷೆ ಮಾಡುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಿ. ಪರೀಕ್ಷೆ ಬೇಕು ಅಂದರೆ ಡಾಕ್ಟರಿಂದ ಶುರುಮಾಡಿ ಎಲ್ಲರಿಗೂ ಮಾಡಲಿ.

ಹಾಗಾಗಿ ನಿಮ್ಮ ಮುಂದೆ ಇರುವ ದಾರಿಗಳನ್ನು ಹೀಗೆ ನೋಡ್ತೀನಿ. ತೆಗೆದುಹಾಕಿದರೆ ಟೀಮಿಗೆ ನೆಮ್ಮದಿ, ಆದರೆ ಅವರ ಮೇಲೆ ನಂಬಿಕೆ ಇಟ್ಟ ರೋಗಿಗಳು ಅದರಿಂದ ಒಂದು ಪಾಠ ಕಲಿಯುತ್ತಾರೆ, ಗುಟ್ಟು ಹೇಳಿಕೊಂಡರೆ ಹೀಗಾಗುತ್ತೆ ಅಂತ. ಅವರಿಗಂತೂ ಅದು ದೊಡ್ಡ ಪೆಟ್ಟು. ಸಂಬಳದ ಕೆಲಸ ಬಿಡಿಸಿ ಸ್ವಯಂಸೇವಕರಾಗಿ ಹೊರಗಿನಿಂದ ಬರಲಿ ಅನ್ನೋದು ಇನ್ನೊಂದು. ಅವರೇ ಬಯಸಿದರೆ ಒಳ್ಳೆಯದು, ನೀವಾಗಿ ಹೇಳಿದರೆ ಅದು ಮರ್ಯಾದೆಯ ಹೆಸರಲ್ಲಿ ತೆಗೆದುಹಾಕುವುದೇ. ನಾನು ಆರಿಸುವ ದಾರಿ ಮೂರನೆಯದು. ಮೂರು ವಾರ ಹೊಸ ರೋಗಿಗಳನ್ನು ಅವರಿಗೆ ಕೊಡಬೇಡಿ. ಆ ಮೂರು ವಾರದಲ್ಲಿ ಕೆಲಸದ ವಿವರ, ಗುಟ್ಟಿನ ಪಟ್ಟಿ, ಮೇಲ್ವಿಚಾರಣೆ ಮೂರನ್ನೂ ಅವರ ಜೊತೆಯೇ ಕೂತು ಬರೆಯಿರಿ, ಡಾಕ್ಟರೂ ಕೂರಲಿ. ಇದು ಶಿಕ್ಷೆಯ ಹಾಗೆ ಕಾಣುವ ಅಪಾಯ ಇದೆ. ಹಾಗಾಗಿ ಯಾಕೆ ಅಂತ ಮೊದಲೇ ಹೇಳಿ, ಸಂಬಳ ಕಡಿತ ಮಾಡಬೇಡಿ, ತಪ್ಪು ನಿಮ್ಮದೂ ಇದೆ ಅಂತ ನಿಮ್ಮ ಬಾಯಿಂದಲೇ ಬರಲಿ. ಸಾಧ್ಯವಾದರೆ ಮುಂದಿನ ವರ್ಷಕ್ಕೆ ಎರಡನೇ ಪೀರ್ ಹುಡುಕಿ. ಇಡೀ ಕಟ್ಟಡದಲ್ಲಿ ಒಬ್ಬರೇ "ಅಂಥವರು" ಆಗಿ ಇರುವುದು ಯಾರಿಗೂ ಸುಲಭ ಅಲ್ಲ.

ಇದಕ್ಕೆಲ್ಲ ಕೆಲವು ವಾರ ಹಿಡಿಯುತ್ತೆ, ಹಿಡಿಯಲಿ. ಫೋನ್ ಮಾತ್ರ ಕಾಯುವಂತಿಲ್ಲ. ಕೇಂದ್ರದ ಒಂದು ನಂಬರ್ ತೆಗೆದುಕೊಳ್ಳಿ, ಸಂಜೆ ಏಳರ ಮೇಲೆ ಅದು ಡ್ಯೂಟಿ ನರ್ಸ್‌ಗೆ ಹೋಗಲಿ. ಹಳೆ ನಂಬರಿಗೆ ಮಾಡುವವರಿಗೆಲ್ಲ ಇವರೇ ಮೆಸೇಜ್ ಕಳಿಸಲಿ, "ರಾತ್ರಿ ಹೊತ್ತು ಈ ನಂಬರಿಗೆ ಮಾಡಿ, ನಾನು ಬೆಳಿಗ್ಗೆ ಸಿಗ್ತೀನಿ" ಅಂತ. ಮೊದಲ ಕೆಲವು ರಾತ್ರಿ ನಿಮ್ಮ ನರ್ಸುಗಳಿಗೆ ಬೈಗುಳ ಬರುತ್ತೆ, ಯಾರೋ ಇಬ್ಬರು ಫೋನ್ ಇಟ್ಟುಬಿಡುತ್ತಾರೆ. ಆ ಇಬ್ಬರು ಯಾರು ಅಂತ ಬರೆದುಕೊಳ್ಳಲು ಹೇಳಿ. ಬೆಳಿಗ್ಗೆ ಪೀರ್ ಮೊದಲು ಹೋಗಿ ಮಾತಾಡಿಸಬೇಕಾದದ್ದು ಅವರನ್ನೇ.